ಉದ್ಯೋಗಕ್ಕೆ ಅರ್ಜಿ ಬರೆಯುವ ಬಗೆ

ಪ್ರತಿವರ್ಷವೂ ಪರೀಕ್ಷೆಯ ಫಲಿತಾಂಶ ಪ್ರಕಟವಾದ ಕೆಲವು ವಾರಗಳಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಶಾಲೆಯ ಕಡೆ ಬರುತ್ತಾರೆ. ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತು, ಕ್ಷೇಮಸಮಾಚಾರ ಮುಗಿದ ಮೇಲೆ, ಜೇಬಿನಿಂದ ಮಡಿಸಿದ ಪತ್ರಿಕೆಯ ತುಂಡೊಂದನ್ನು ತೆಗೆದು, "ಸಾರ್, ಒಂದು ಅರ್ಜಿ ಬರ್ಕೊಡಿ" ಎನ್ನುತ್ತಾರೆ. ನಾವು ಬರೆದುಕೊಡುತ್ತೇವೆ. ಆದರೆ ಹಾಗೆ ಬರೆದುಕೊಡುವಾಗಲೆಲ್ಲ ನಮ್ಮ ಮನಸ್ಸಿಗೆ ಒಂದು ಕಸಿವಿಸಿ. ಹತ್ತು ವರ್ಷ ಕನ್ನಡ ಓದಿದ ಹುಡುಗ, ತನ್ನ ವಿಷಯವನ್ನು ತಾನೇ ಹತ್ತು ಸಾಲಿನಲ್ಲಿ ಹೇಳಲಾರದೆ ಹೋದರೆ, ಆ ಕೊರತೆಯಲ್ಲಿ ನಮ್ಮ ಪಾಲೂ ಇದೆಯಲ್ಲವೆ?

ಆದ್ದರಿಂದ ಈ ಸಲದ ವಾರ್ಷಿಕ ಸಂಚಿಕೆಯಲ್ಲಿ ಈ ವಿಷಯವನ್ನೇ ಒಂದು ಪಾಠವಾಗಿ ತೆಗೆದುಕೊಂಡಿದ್ದೇವೆ. ವಿದ್ಯಾರ್ಥಿ ಮಿತ್ರರು ಇದನ್ನು ಓದಿ ಬದಿಗಿಡದೆ, ಕೊನೆಯಲ್ಲಿ ಕೊಟ್ಟಿರುವ ಅಭ್ಯಾಸಗಳನ್ನೂ ಮಾಡಬೇಕೆಂದು ಕೋರುತ್ತೇವೆ.

ಅರ್ಜಿ ಎಂದರೇನು?

'ಅರ್ಜಿ' ಎಂಬುದು ಅರಬ್ಬಿಯ ಮೂಲದಿಂದ ಪಾರ್ಸಿ, ಹಿಂದೂಸ್ತಾನಿಗಳ ಮೂಲಕ ನಮ್ಮಲ್ಲಿಗೆ ಬಂದ ಮಾತು. 'ಮುಂದಿಡುವುದು, ನಿವೇದಿಸುವುದು' ಎಂಬುದು ಅದರ ಮೂಲಾರ್ಥ. ಇದಕ್ಕೆ ಹಳೆಯ ಕನ್ನಡದಲ್ಲಿ 'ಬಿನ್ನಹ' ಎಂಬ ಸೊಗಸಾದ ಶಬ್ದವಿದೆ. ಅದು ಸಂಸ್ಕೃತದ 'ವಿಜ್ಞಾಪನ' ಎಂಬುದರ ತದ್ಭವ. ವಿಜ್ಞಾಪನವೆಂದರೆ ತಿಳಿಯಪಡಿಸುವುದು. ಈ ಎರಡು ಶಬ್ದಗಳಲ್ಲಿ ಯಾವುದಕ್ಕೂ 'ಬೇಡುವುದು' ಎಂಬ ಅರ್ಥ ಮೂಲದಲ್ಲಿ ಇಲ್ಲವೆಂಬುದನ್ನು ಗಮನಿಸಿರಿ. ಗೊತ್ತಿಲ್ಲದವರಿಗೆ ಗೊತ್ತುಮಾಡುವುದೇ ಅರ್ಜಿಯ ಕೆಲಸ. ಈ ಪಾಠದ ತಿರುಳೂ ಇಷ್ಟೇ.

ಉದ್ಯೋಗದ ಅರ್ಜಿಯಲ್ಲಿ ಸಾಮಾನ್ಯವಾಗಿ ಎರಡು ಭಾಗಗಳಿರುತ್ತವೆ. ಹೆಸರು, ಹುಟ್ಟಿದ ದಿನಾಂಕ, ವಿದ್ಯಾರ್ಹತೆ, ಅಂಕಗಳು ಮೊದಲಾದವನ್ನು ಪಟ್ಟಿ ಮಾಡಿದ ಸ್ವವಿವರ ಒಂದು. ಅದರ ಮೇಲೆ ಇಟ್ಟು ಕಳುಹಿಸುವ ಒಂದು ಪುಟದ ಪತ್ರ ಇನ್ನೊಂದು. ಕಚೇರಿಯವರು ಇದನ್ನು ಕವರಿಂಗ್ ಲೆಟರ್ ಎನ್ನುತ್ತಾರೆ. ಪಟ್ಟಿಯನ್ನು ಯಾರು ಬೇಕಾದರೂ ತುಂಬಬಹುದು. ಆದರೆ 'ಈ ಕೆಲಸಕ್ಕೆ ನಾನು ಏಕೆ ತಕ್ಕವನು?' ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಮೇಲಿನ ಪತ್ರವೊಂದೇ.

ಸರ್ಕಾರಿ ಪರೀಕ್ಷೆಗಳಿಗೆ ಈಗ ನಮೂನೆಯನ್ನು ಅಂತರ್ಜಾಲದಲ್ಲೇ ತುಂಬಬೇಕು. ಅಲ್ಲಿ ಇಂಥ ಪತ್ರಕ್ಕೆ ಸ್ಥಳವಿಲ್ಲ. ಆದರೆ ಅಂಗಡಿ, ಗಿರಣಿ, ಖಾಸಗಿ ಶಾಲೆ, ಆಸ್ಪತ್ರೆ, ಕಾರ್ಖಾನೆ ಇವುಗಳಲ್ಲಿ ಕೆಲಸ ಹುಡುಕುವವರಿಗೆ ಇಂದಿಗೂ ಪತ್ರವೇ ಮೊದಲ ಮುಖಪರಿಚಯ.

ಈರೋಡಿನಲ್ಲಿ ಹುಟ್ಟಿದವರೊಬ್ಬರ ಅರ್ಜಿ

ಒಳ್ಳೆಯ ಉದಾಹರಣೆಗಾಗಿ ನಾವು ದೂರ ಹೋಗಬೇಕಾಗಿಲ್ಲ. ಜಗತ್ಪ್ರಸಿದ್ಧ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರು 22-12-1887ರಂದು ಹುಟ್ಟಿದ್ದು ನಮ್ಮ ಜಿಲ್ಲಾ ಕೇಂದ್ರವಾದ ಈರೋಡಿನಲ್ಲಿ, ತಮ್ಮ ತಾಯಿಯ ತವರಿನಲ್ಲಿ. ಬೆಳೆದದ್ದು ಕುಂಭಕೋಣದಲ್ಲಿ. ಗಣಿತವೊಂದರಲ್ಲೇ ಮುಳುಗಿ ಉಳಿದ ವಿಷಯಗಳನ್ನು ಕಡೆಗಣಿಸಿದ ಕಾರಣ ಅವರು ಕಾಲೇಜಿನ ಎಫ್.ಎ. ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಪದವಿಯಿಲ್ಲ, ವರಮಾನವಿಲ್ಲ, ಮದುವೆ ಬೇರೆ ಆಗಿತ್ತು. ಇಂಥ ಸ್ಥಿತಿಯಲ್ಲಿ 9-2-1912ರಂದು ಅವರು ಮದರಾಸಿನ ಬಂದರು ಟ್ರಸ್ಟಿನ ಕಚೇರಿಗೆ ಗುಮಾಸ್ತೆಯ ಕೆಲಸಕ್ಕಾಗಿ ಒಂದು ಅರ್ಜಿ ಬರೆದರು. ಆಗ ಅವರಿಗೆ 24 ವರ್ಷ.

ಆ ಅರ್ಜಿ ಬಹು ಚಿಕ್ಕದು. ಅದರ ಒಕ್ಕಣೆ ಬೆರಳೆಣಿಕೆಯಷ್ಟು ವಾಕ್ಯಗಳು ಮಾತ್ರ. ಅದರಲ್ಲಿ ಏನೇನಿತ್ತೆಂಬುದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ:

ಮೊದಲನೆಯದಾಗಿ, ತಮ್ಮ ಕಚೇರಿಯಲ್ಲಿ ಗುಮಾಸ್ತೆಯ ಹುದ್ದೆ ಖಾಲಿ ಇದೆಯೆಂದು ತಿಳಿದು ಅದಕ್ಕೆ ಅರ್ಜಿ ಹಾಕುತ್ತಿದ್ದೇನೆ ಎಂದು ನೇರವಾಗಿ ಹೇಳಿದರು. ಎರಡನೆಯದಾಗಿ, ಮೆಟ್ರಿಕ್ಯುಲೇಷನ್ ಪಾಸಾಗಿ ಎಫ್.ಎ.ವರೆಗೆ ಓದಿರುವುದಾಗಿಯೂ ಪ್ರತಿಕೂಲ ಸನ್ನಿವೇಶಗಳಿಂದ ಓದು ಮುಂದುವರಿಯಲಿಲ್ಲವೆಂದೂ ತಿಳಿಸಿದರು. ಮೂರನೆಯದಾಗಿ, ಹಾಗಿದ್ದರೂ ತಮ್ಮ ಸಮಯವನ್ನೆಲ್ಲ ಗಣಿತದ ಅಭ್ಯಾಸಕ್ಕೆ ವಿನಿಯೋಗಿಸುತ್ತಿರುವುದನ್ನು ಹೇಳಿದರು. ನಾಲ್ಕನೆಯದಾಗಿ, ನೇಮಿಸಿಕೊಂಡರೆ ಕೆಲಸಕ್ಕೆ ನ್ಯಾಯ ಸಲ್ಲಿಸಬಲ್ಲೆನೆಂಬ ಭರವಸೆಯನ್ನು ವ್ಯಕ್ತಪಡಿಸಿದರು. ಕೊನೆಗೆ ವಿನಯದಿಂದ ಕೋರಿಕೆ ಸಲ್ಲಿಸಿ ಮುಗಿಸಿದರು. ಜೊತೆಗೆ ಪ್ರೆಸಿಡೆನ್ಸಿ ಕಾಲೇಜಿನ ಗಣಿತ ಪ್ರಾಧ್ಯಾಪಕ ಮಿಡಲ್‌ಮಾಸ್ಟ್ ಅವರ ಶಿಫಾರಸು ಪತ್ರವಿತ್ತು.

ಇದರಲ್ಲಿ ನಾವು ಕಲಿಯಬೇಕಾದ ಮುಖ್ಯ ಅಂಶ ಎರಡನೆಯ ಮತ್ತು ಮೂರನೆಯ ಮಾತುಗಳ ನಡುವೆ ಇದೆ. ತಮ್ಮ ಕೊರತೆಯನ್ನು ಅವರು ಬಚ್ಚಿಡಲಿಲ್ಲ. ಆದರೆ ಅದರ ಸುತ್ತ ಕಥೆಯನ್ನೂ ಹೆಣೆಯಲಿಲ್ಲ. ಮನೆಯ ಬಡತನ, ಪಟ್ಟ ಕಷ್ಟ, ಉಪವಾಸ ಇವೆಲ್ಲ ನಿಜವೇ ಆಗಿದ್ದವು. ಆದರೂ ಕೊರತೆಗೆ ಅರ್ಧ ವಾಕ್ಯ ಮಾತ್ರ ಕೊಟ್ಟು, ಮರುಕ್ಷಣವೇ 'ಹಾಗಿದ್ದರೂ' ಎಂದು ತಮ್ಮ ಶಕ್ತಿಯ ಕಡೆಗೆ ತಿರುಗಿದರು. ಈ 'ಹಾಗಿದ್ದರೂ' ಎಂಬ ಒಂದು ಮಾತನ್ನು ನಮ್ಮ ವಿದ್ಯಾರ್ಥಿಗಳು ಕಂಠಪಾಠ ಮಾಡಬೇಕು.

1-3-1912ರಂದು ತಿಂಗಳಿಗೆ 30 ರೂಪಾಯಿ ಸಂಬಳದ ಮೇಲೆ ಅವರ ನೇಮಕವಾಯಿತು. ಪತ್ರವೊಂದರಿಂದಲೇ ಕೆಲಸ ಸಿಕ್ಕಿತೆಂದು ಹೇಳಿದರೆ ಅದು ಸತ್ಯವಾಗದು. ಅವರ ಪ್ರತಿಭೆಯನ್ನು ಕಂಡಿದ್ದ ಹಿರಿಯರ ಬೆಂಬಲವೂ ಇತ್ತು. ಆದರೆ ಆ ಹಿರಿಯರನ್ನು ಕೂಡ ಅವರು ಸಂಪಾದಿಸಿದ್ದು ತಮ್ಮ ನೋಟ್‌ಬುಕ್ಕುಗಳನ್ನು ಕಂಕುಳಲ್ಲಿಟ್ಟುಕೊಂಡು ಮನೆಮನೆಗೆ ಹೋಗಿ, ತಾವು ಮಾಡಿದ ಕೆಲಸವನ್ನು ತೋರಿಸಿದ್ದರಿಂದ.

ಮರುವರ್ಷ 16-1-1913ರಂದು ಅದೇ ಗುಮಾಸ್ತೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಗಣಿತಜ್ಞ ಹಾರ್ಡಿಯವರಿಗೆ ಇನ್ನೊಂದು ಪತ್ರ ಬರೆದರು. ಅಲ್ಲಿಯೇ ಇದ್ದ ಬೇರಿಬ್ಬರು ವಿದ್ವಾಂಸರಿಗೆ ಮೊದಲೇ ಬರೆದು ಫಲ ಕಾಣದೆ, ಎದೆಗುಂದದೆ ಬರೆದ ಪತ್ರವದು. ಮೊದಲ ವಾಕ್ಯದಲ್ಲೇ ತಾನು ಮದರಾಸಿನ ಒಬ್ಬ ಸಾಮಾನ್ಯ ಗುಮಾಸ್ತೆ ಎಂದು ಹೇಳಿಕೊಂಡು, 'ನಾನು ಪ್ರತಿಭಾವಂತ' ಎಂಬ ಹೊಗಳಿಕೆಯ ಗೋಜಿಗೆ ಹೋಗದೆ, ತಾವು ಕಂಡುಹಿಡಿದ ಗಣಿತ ಸೂತ್ರಗಳನ್ನೇ ಪುಟಗಟ್ಟಲೆ ಬರೆದು ಕಳುಹಿಸಿದರು. ಸೂತ್ರಗಳೇ ಸಾಕ್ಷಿ ಹೇಳಿದವು. 1914ರಲ್ಲಿ ಅವರು ಕೇಂಬ್ರಿಜ್‌ಗೆ ಹೋದರು. 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. ಆ ಪತ್ರದಲ್ಲಿಯೂ ಒಂದು ಸಣ್ಣ ತಪ್ಪಿತ್ತೆಂಬುದು ಸ್ವಾರಸ್ಯ. ತಮಗೆ ಸುಮಾರು 23 ವರ್ಷವೆಂದು ಅವರು ಬರೆದಿದ್ದರು. ನಿಜವಾಗಿ 25 ತುಂಬಿತ್ತು! ಹಾರ್ಡಿಯವರು ಅದನ್ನು ಲೆಕ್ಕಿಸಲಿಲ್ಲ. ನಮ್ಮ ಕಾಲದ ಕಚೇರಿಗಳು ಮಾತ್ರ ಹುಟ್ಟಿದ ದಿನಾಂಕ ತಪ್ಪಾದರೆ ಅರ್ಜಿಯನ್ನೇ ಬದಿಗಿಡುತ್ತವೆ.

ದೈನ್ಯವೂ ಬೇಡ, ಡಂಭವೂ ಬೇಡ

ನಾವು ನೋಡಿದ ಅರ್ಜಿಗಳಲ್ಲಿ ಬಹುಪಾಲು ಹೀಗೆ ಆರಂಭವಾಗುತ್ತವೆ: "ನಾನು ಬಹಳ ಬಡ ಕುಟುಂಬದಲ್ಲಿ ಹುಟ್ಟಿದವನು. ನಮ್ಮ ತಂದೆಗೆ ಆರೋಗ್ಯ ಸರಿಯಿಲ್ಲ. ತಾವು ದಯಾಳುಗಳು. ತಮ್ಮಲ್ಲಿ ಯಾವುದಾದರೂ ಒಂದು ಕೆಲಸ ಕೊಟ್ಟು ನಮ್ಮ ಕುಟುಂಬವನ್ನು ಕಾಪಾಡಬೇಕೆಂದು ಕೈಮುಗಿದು ಬೇಡಿಕೊಳ್ಳುತ್ತೇನೆ."

ಇದನ್ನು ಬರೆದವನ ಕಷ್ಟ ಸುಳ್ಳಲ್ಲ. ಮಳೆ ಕೈಕೊಟ್ಟ ವರ್ಷ, ಆನೆ ಬಂದು ಮುಸುಕಿನ ಜೋಳದ ಹೊಲ ತುಳಿದ ವರ್ಷ, ಮನೆಯ ಸ್ಥಿತಿ ಹೇಗಿರುತ್ತದೆಂಬುದನ್ನು ನಾವೂ ಬಲ್ಲೆವು. ಆದರೆ ಪತ್ರ ಓದುವವನ ಮುಂದಿರುವ ಪ್ರಶ್ನೆ ಬೇರೆ. ಅವನ ಮೇಜಿನ ಮೇಲೆ ಐವತ್ತು ಅರ್ಜಿಗಳಿವೆ. ಐವತ್ತು ಜನಕ್ಕೂ ಕಷ್ಟವಿದೆ. ಕೆಲಸ ಮಾತ್ರ ಒಂದೇ. 'ಇವರಲ್ಲಿ ಯಾರು ನನ್ನ ಕೆಲಸವನ್ನು ಚೆನ್ನಾಗಿ ಮಾಡಿಕೊಡುತ್ತಾರೆ?' ಎಂದು ಅವನು ಹುಡುಕುತ್ತಿದ್ದಾನೆ. ಮೇಲಿನ ಅರ್ಜಿಯಲ್ಲಿ ಅದಕ್ಕೆ ಉತ್ತರವಿಲ್ಲ. 'ಯಾವುದಾದರೂ ಒಂದು ಕೆಲಸ' ಎಂದಾಗಲಂತೂ, ಜಾಹೀರಾತನ್ನೇ ಓದಿಲ್ಲವೆಂದು ಒಪ್ಪಿಕೊಂಡಂತಾಯಿತು.

ಇದಕ್ಕೆ ವಿರುದ್ಧವಾದ ದೋಷವೂ ಉಂಟು. "ನಾನು ಅತ್ಯಂತ ಶ್ರಮಜೀವಿ, ಪ್ರಾಮಾಣಿಕ, ಸಕಲ ವಿಷಯಗಳಲ್ಲೂ ನಿಪುಣ" ಎಂದು ಬರೆಯುವವರಿದ್ದಾರೆ. ಗುಣಗಳನ್ನು ಹೆಸರಿಸಿದರೆ ಯಾರೂ ನಂಬುವುದಿಲ್ಲ. ಮಾಡಿದ ಕೆಲಸವನ್ನು ಹೇಳಿದರೆ ಗುಣ ತಾನಾಗಿ ತಿಳಿಯುತ್ತದೆ. 'ನಾನು ಪ್ರಾಮಾಣಿಕ' ಎನ್ನುವುದಕ್ಕಿಂತ 'ಎರಡು ವರ್ಷ ಶಾಲೆಯ ಕ್ರೀಡಾಸಾಮಗ್ರಿಗಳ ಕೀಲಿಕೈ ನನ್ನಲ್ಲಿತ್ತು' ಎನ್ನುವುದು ಹೆಚ್ಚು ತೂಕದ ಮಾತು.

'ನಾನೇನು ಮಾಡಿದ್ದೇನೆ ಸಾರ್, ಹೊಲದ ಕೆಲಸ ಬಿಟ್ಟರೆ?' ಎಂದು ಕೆಲವರು ಕೇಳುತ್ತಾರೆ. ಹೊಲದ ಕೆಲಸ ಸಾಮಾನ್ಯವೆ? ಎಲೆಕೋಸಿಗೆ ಯಾವಾಗ ಯಾವ ಔಷಧಿ, ಅರಿಶಿನಕ್ಕೆ ಎಷ್ಟು ಗೊಬ್ಬರ, ಮಂಡಿಯಲ್ಲಿ ತೂಕ ಹೇಗೆ ನೋಡಬೇಕು, ಬಾಡಿಗೆ ವ್ಯಾನಿಗೆ ಎಷ್ಟು ಕೊಟ್ಟರೆ ನಷ್ಟವಾಗದು, ಇವೆಲ್ಲ ತಿಳಿವಳಿಕೆಯೇ. ಗೊಬ್ಬರದಂಗಡಿಗೂ ಬೀಜದ ಕಂಪನಿಗೂ ತರಕಾರಿ ಮಂಡಿಗೂ ಇದು ಪಟ್ಟಣದ ಹುಡುಗ ತಂದುಕೊಡಲಾಗದ ಅರ್ಹತೆ.

ಯಾವ ಭಾಷೆಯಲ್ಲಿ ಬರೆಯಬೇಕು?

ಬೇರೆ ಊರಿನ ಮಕ್ಕಳಿಗೆ ಇಲ್ಲದ ಒಂದು ಪ್ರಶ್ನೆ ನಮ್ಮ ತಾಳವಾಡಿ ಸೀಮೆಯ ಮಕ್ಕಳಿಗಿದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ತಾಲೂಕು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಮದರಾಸು ರಾಜ್ಯದಲ್ಲೇ ಉಳಿಯಿತು. ಅಂದಿನಿಂದ ನಮ್ಮ ಮನೆಮಾತು ಒಂದು, ರಾಜ್ಯಭಾಷೆ ಇನ್ನೊಂದು. ಒಂದು ಕಡೆ ಬಸ್ಸು ಹತ್ತಿದರೆ ಚಾಮರಾಜನಗರ, ಮೈಸೂರು. ಇನ್ನೊಂದು ಕಡೆ ದಿಂಬಂ ಘಾಟಿಯ 27 ತಿರುವುಗಳನ್ನಿಳಿದರೆ ಸತ್ಯಮಂಗಲ, ಈರೋಡು, ಕೊಯಮತ್ತೂರು. ಕೆಲಸ ಎರಡು ಕಡೆಯೂ ಇದೆ.

ನಿಯಮ ಸರಳವಾಗಿದೆ. ಜಾಹೀರಾತು ಯಾವ ಭಾಷೆಯಲ್ಲಿದೆಯೋ ಆ ಭಾಷೆಯಲ್ಲಿ ಅರ್ಜಿ ಬರೆಯುವುದು ಮೇಲು. ಚಾಮರಾಜನಗರದ ಅಂಗಡಿಗೆ ಕನ್ನಡದಲ್ಲಿ ಬರೆಯಿರಿ. ಸತ್ಯಮಂಗಲದವರಿಗೆ ತಮಿಳಿನಲ್ಲಿ, ಕಂಪನಿಯವರು ಇಂಗ್ಲಿಷಿನಲ್ಲಿ ಕೇಳಿದ್ದರೆ ಇಂಗ್ಲಿಷಿನಲ್ಲಿ. ಬಾರದ ಭಾಷೆಯಲ್ಲಿ ಯಾರಿಂದಲೋ ದೊಡ್ಡ ದೊಡ್ಡ ಮಾತು ಬರೆಯಿಸಿಕೊಂಡು ಸಂದರ್ಶನದಲ್ಲಿ ಬಾಯಿ ಬಿಡದೆ ನಿಲ್ಲುವುದಕ್ಕಿಂತ, ಬಂದಷ್ಟರಲ್ಲಿ ಚಿಕ್ಕ ವಾಕ್ಯಗಳನ್ನು ಬರೆದು, ತಿಳಿದವರಿಗೆ ತೋರಿಸಿ ತಿದ್ದಿಸಿಕೊಳ್ಳುವುದು ಒಳ್ಳೆಯದು. ಮೊಬೈಲಿನಲ್ಲಿ ಭಾಷಾಂತರ ಮಾಡಿಸಿದರೂ ಹಾಗೆಯೇ ಕಳುಹಿಸಬೇಡಿ.

ಕನ್ನಡ ಮಾಧ್ಯಮದಲ್ಲಿ ಓದಿದ್ದನ್ನು ಒಂದು ತಪ್ಪಿನಂತೆ ಮರೆಮಾಡುವವರನ್ನು ಕಂಡಿದ್ದೇವೆ. ಅದು ಬೇಡ. ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಕನ್ನಡ, ತಮಿಳು ಎರಡನ್ನೂ ಸರಾಗವಾಗಿ ಮಾತನಾಡುತ್ತಾರೆ. ಎರಡು ರಾಜ್ಯದ ಗಿರಾಕಿಗಳು ಬರುವ ಅಂಗಡಿಗೆ ಇದು ಬಂಗಾರದಂಥ ಗುಣ. ಆದರೆ ಇದ್ದಷ್ಟನ್ನೇ ಹೇಳಬೇಕು. ಮಾತನಾಡಬಲ್ಲೆ, ಓದಬಲ್ಲೆ, ಬರೆಯಬಲ್ಲೆ ಎಂಬ ಮೂರನ್ನೂ ಬೇರೆಬೇರೆಯಾಗಿ ತಿಳಿಸಬೇಕು. ಸರ್ಕಾರಿ ಕೆಲಸ ಬಯಸುವವರು ಇನ್ನೊಂದು ಮಾತು ನೆನಪಿಡಬೇಕು: 2021ರ ಡಿಸೆಂಬರಿನ ಆಜ್ಞೆಯಂತೆ ತಮಿಳುನಾಡು ಲೋಕಸೇವಾ ಆಯೋಗದ ಪರೀಕ್ಷೆಗಳಲ್ಲಿ ತಮಿಳು ಅರ್ಹತಾ ಪತ್ರಿಕೆಯಲ್ಲಿ ಕನಿಷ್ಠ ಶೇ. 40 ಅಂಕ ಪಡೆಯಬೇಕು. ಆದ್ದರಿಂದ ತಾಯ್ನುಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ನೆರೆನುಡಿಯನ್ನು ಓದಿ ಬರೆಯುವಷ್ಟು ಕಲಿಯುವುದು ಜಾಣತನ.

ಹೆಸರು, ಊರು, ಪಿನ್ ಸಂಖ್ಯೆ

ತಮಿಳು ಲಿಪಿಯಲ್ಲಿ 'ಕ' ಮತ್ತು 'ಗ' ಎರಡಕ್ಕೂ ಒಂದೇ ಅಕ್ಷರ. ಹೀಗಾಗಿ ನಮ್ಮ 'ಗೆಟ್ಟವಾಡಿ'ಯನ್ನು ಗೊತ್ತಿಲ್ಲದವರು 'ಕೆಟ್ಟವಾಡಿ' ಎಂದು ಓದಿದರೆ ಆಶ್ಚರ್ಯವಿಲ್ಲ! ಊರಿನ ವಿಷಯದಲ್ಲಿ ನಕ್ಕು ಸುಮ್ಮನಾಗಬಹುದು. ಆದರೆ ಗೌರಿ, ಗಿರೀಶ ಎಂಬ ಹೆಸರುಗಳು ಒಂದು ದಾಖಲೆಯಲ್ಲಿ ಒಂದು ಬಗೆಯಾಗಿ, ಇನ್ನೊಂದರಲ್ಲಿ ಇನ್ನೊಂದು ಬಗೆಯಾಗಿ ಇದ್ದರೆ ತೊಂದರೆಯಾಗುತ್ತದೆ. ಆದ್ದರಿಂದ ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೆಯೇ ಅರ್ಜಿಯಲ್ಲಿ ಬರೆಯಿರಿ. ಇನಿಷಿಯಲ್ ಹೆಸರಿನ ಮುಂದಿದೆಯೋ ಹಿಂದಿದೆಯೋ ಎಂಬುದನ್ನೂ ನೋಡಿಕೊಳ್ಳಿ.

ವಿಳಾಸದಲ್ಲಿ ಊರು, ಅಂಚೆ, ತಾಲೂಕು, ಜಿಲ್ಲೆ, ರಾಜ್ಯ, ಪಿನ್ ಎಲ್ಲವೂ ಇರಬೇಕು. ತಾಳವಾಡಿ 2016ರಿಂದ ಪ್ರತ್ಯೇಕ ತಾಲೂಕು. ಹಳೆಯ ಅಭ್ಯಾಸದಿಂದ ಸತ್ಯಮಂಗಲ ತಾಲೂಕು ಎಂದು ಬರೆಯಬಾರದು. ಪಿನ್ ಸಂಖ್ಯೆ 15-8-1972ರಂದು ಜಾರಿಗೆ ಬಂದದ್ದು. ಅದರ ಮೊದಲ ಅಂಕಿ ತಮಿಳುನಾಡಿಗೆ 6, ಕರ್ನಾಟಕಕ್ಕೆ 5. ಕನ್ನಡದಲ್ಲಿ ವಿಳಾಸ ಬರೆದ ಮಾತ್ರಕ್ಕೆ ಲಕೋಟೆ ಕರ್ನಾಟಕಕ್ಕೆ ಹೋಗಿಬಿಡದಂತೆ ಕಾಯುವುದು ಈ ಆರು ಅಂಕಿಗಳೇ. ನಮ್ಮ ಕಡೆ ಎಷ್ಟೋ ಜಾಗದಲ್ಲಿ ಮೊಬೈಲಿಗೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಆದ್ದರಿಂದ ಸಿಗ್ನಲ್ ಚೆನ್ನಾಗಿರುವ ನೆಂಟರೊಬ್ಬರ ಸಂಖ್ಯೆಯನ್ನೂ, ಅವರಿಗೆ ತಿಳಿಸಿ, ಕೊಡಬಹುದು.

ಒಂದು ಮಾದರಿ

ಚಾಮರಾಜನಗರದ ಬೀಜ ಗೊಬ್ಬರದ ಅಂಗಡಿಯೊಂದಕ್ಕೆ ಲೆಕ್ಕ ಬರೆಯಲು ಹಾಗೂ ಗಿರಾಕಿಗಳೊಡನೆ ವ್ಯವಹರಿಸಲು ಒಬ್ಬರು ಬೇಕೆಂದೂ, ತಮಿಳು ಬಲ್ಲವರಿಗೆ ಆದ್ಯತೆ ಎಂದೂ ಪತ್ರಿಕೆಯಲ್ಲಿ ಪ್ರಕಟವಾಗಿದೆಯೆಂದು ಭಾವಿಸೋಣ. ಹನ್ನೆರಡನೆಯ ತರಗತಿ ಮುಗಿಸಿದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಹೀಗೆ ಬರೆಯಬಹುದು:

ಇಂದ:
ಅ. ಬ. ಕ.,
ಗೆಟ್ಟವಾಡಿ, ತಾಳವಾಡಿ ತಾಲೂಕು,
ಈರೋಡು ಜಿಲ್ಲೆ, ತಮಿಳುನಾಡು. (ಪಿನ್, ದೂರವಾಣಿ)

ಗೆ:
ಮಾಲೀಕರು,
(ಅಂಗಡಿಯ ಹೆಸರು ಮತ್ತು ವಿಳಾಸ), ಚಾಮರಾಜನಗರ.

ಮಾನ್ಯರೇ,

ವಿಷಯ: ಲೆಕ್ಕ ಬರೆಯುವ ಸಹಾಯಕನ ಕೆಲಸಕ್ಕೆ ಅರ್ಜಿ.
ಉಲ್ಲೇಖ: (ಪತ್ರಿಕೆಯ ಹೆಸರು, ದಿನಾಂಕ) ಜಾಹೀರಾತು.

ಮೇಲ್ಕಂಡ ಜಾಹೀರಾತನ್ನು ನೋಡಿ, ತಮ್ಮಲ್ಲಿ ಖಾಲಿಯಿರುವ ಸಹಾಯಕನ ಕೆಲಸಕ್ಕೆ ಈ ಅರ್ಜಿಯನ್ನು ಸಲ್ಲಿಸುತ್ತಿದ್ದೇನೆ.

ನಾನು ಈ ವರ್ಷ ಹನ್ನೆರಡನೆಯ ತರಗತಿ ತೇರ್ಗಡೆಯಾಗಿದ್ದೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ಕಳೆದ ಎರಡು ವರ್ಷಗಳಿಂದ ನಮ್ಮ ಮನೆಯ ಎಲೆಕೋಸು ಮತ್ತು ಅರಿಶಿನ ಬೆಳೆಗಳ ಖರ್ಚು ವರಮಾನಗಳ ಲೆಕ್ಕವನ್ನು ನಾನೇ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಬೀಜ, ಗೊಬ್ಬರ, ಔಷಧಿಗಳ ಹೆಸರು ಮತ್ತು ಬಳಕೆ ಇದರಿಂದ ಪರಿಚಯವಾಗಿದೆ. ಕನ್ನಡವನ್ನು ಓದಲು, ಬರೆಯಲು, ಮಾತನಾಡಲು ಬಲ್ಲೆ. ತಮಿಳನ್ನು ಚೆನ್ನಾಗಿ ಮಾತನಾಡಬಲ್ಲೆ, ನಿಧಾನವಾಗಿ ಓದಬಲ್ಲೆ. ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಅಭ್ಯಾಸ ಇನ್ನೂ ಇಲ್ಲ. ಹಾಗಿದ್ದರೂ ಕೈಲೆಕ್ಕ ತಪ್ಪಿಲ್ಲದೆ ಮಾಡುತ್ತೇನೆ. ಕಂಪ್ಯೂಟರನ್ನು ಕಲಿಯಲು ಸಿದ್ಧನಿದ್ದೇನೆ.

ತಾವು ತಿಳಿಸಿದ ದಿನ ಸಂದರ್ಶನಕ್ಕೆ ಬರುತ್ತೇನೆ. ಆಗ ನನ್ನ ಲೆಕ್ಕದ ಪುಸ್ತಕವನ್ನೂ ತರಬಲ್ಲೆ. ಸ್ವವಿವರ ಮತ್ತು ಅಂಕಪಟ್ಟಿಯ ಪ್ರತಿಯನ್ನು ಲಗತ್ತಿಸಿದ್ದೇನೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
(ಸಹಿ)

ಸ್ಥಳ:
ದಿನಾಂಕ:

ಈ ಪತ್ರದಲ್ಲಿ ಅಲಂಕಾರವೇನೂ ಇಲ್ಲ. ಜಾಹೀರಾತು ಕೇಳಿದ ಎರಡು ವಿಷಯಗಳಿಗೆ, ಅಂದರೆ ಲೆಕ್ಕಕ್ಕೂ ಭಾಷೆಗೂ, ಸಾಕ್ಷಿ ಸಹಿತ ಉತ್ತರವಿದೆ. ಕೇಳದ ಒಂದು ಉಪಯುಕ್ತ ಸಂಗತಿ, ಬೆಳೆಯ ತಿಳಿವಳಿಕೆ, ಸೇರಿದೆ. ಒಂದು ಕೊರತೆಯನ್ನು ಒಪ್ಪಿಕೊಂಡು 'ಹಾಗಿದ್ದರೂ' ಎಂದು ಮುಂದೆ ಹೋಗಿದೆ. ಲೆಕ್ಕದ ಪುಸ್ತಕ ತರುತ್ತೇನೆ ಎಂಬ ಮಾತು ರಾಮಾನುಜನ್ ಅವರ ನೋಟ್‌ಬುಕ್ಕಿನ ಜಾತಿಯದೇ. ಆದರೆ ಎಚ್ಚರಿಕೆ: ಈ ಮಾದರಿಯನ್ನು ಹಾಗೆಯೇ ನಕಲು ಮಾಡಿ ಕಳುಹಿಸಬೇಡಿ. ಲೆಕ್ಕದ ಪುಸ್ತಕ ಬರೆಯದವನು ಅದರ ಮಾತೆತ್ತಿದರೆ ಸಂದರ್ಶನದ ದಿನ ಸಿಕ್ಕಿಬೀಳುತ್ತಾನೆ.

ಕಳುಹಿಸುವ ಮುನ್ನ

1. ಪತ್ರ ಒಂದು ಪುಟ ಮೀರಬಾರದು. ಒಮ್ಮೆ ಬರೆದು, ಒಂದು ರಾತ್ರಿ ಬಿಟ್ಟು, ಮರುದಿನ ಗಟ್ಟಿಯಾಗಿ ಓದಿ ನೋಡಿ. ನಾಲಗೆ ಎಡವಿದ ಕಡೆ ವಾಕ್ಯವನ್ನು ತಿದ್ದಿ.

2. ಒತ್ತಕ್ಷರ, ದೀರ್ಘ, ಅಲ್ಪಪ್ರಾಣ ಮಹಾಪ್ರಾಣಗಳನ್ನು ಪರಿಶೀಲಿಸಿ. ಓದುವವನು ನಿಮ್ಮನ್ನು ನೋಡಿಲ್ಲ. ಕಾಗುಣಿತವೇ ಅವನಿಗೆ ನಿಮ್ಮ ಉಡುಪು.

3. ಮೂಲ ಪ್ರಮಾಣಪತ್ರಗಳನ್ನು ಎಂದಿಗೂ ಕಳುಹಿಸಬಾರದು. ಪ್ರತಿಗಳು ಸಾಕು.

4. ಇ-ಮೇಲ್ ಮೂಲಕ ಕಳುಹಿಸುವುದಾದರೂ ಒಕ್ಕಣೆ ಇದೇ. ವಿಷಯದ ಸಾಲಿನಲ್ಲಿ ಹುದ್ದೆಯ ಹೆಸರು ಮತ್ತು ನಿಮ್ಮ ಹೆಸರು ಇರಲಿ. ಮಂಕಾದ ಮೊಬೈಲ್ ಚಿತ್ರಗಳ ಬದಲು ಸ್ಪಷ್ಟವಾದ ಪ್ರತಿಗಳನ್ನು ಸೇರಿಸಿ.

5. ಕಳುಹಿಸಿದ ಪತ್ರದ ಒಂದು ಪ್ರತಿಯನ್ನು ಇಟ್ಟುಕೊಳ್ಳಿ. ಸಂದರ್ಶನದಲ್ಲಿ ಅದರಿಂದಲೇ ಪ್ರಶ್ನೆಗಳು ಬರುತ್ತವೆ.

6. ಕೆಲಸ ಕೊಡಲು ಮುಂಗಡ ಹಣ ಕೇಳುವವರಿಗೆ ಅರ್ಜಿಯನ್ನೇ ಹಾಕಬೇಡಿ. ಹೊಲ ಅಡವಿಟ್ಟು ಹಣ ಕಳುಹಿಸಿದವರ ಪಾಡು ನಾವು ಕಂಡದ್ದಿದೆ.

ಉತ್ತರ ಬಾರದಿದ್ದರೆ ಎದೆಗುಂದಬಾರದು. ಹಾರ್ಡಿಯವರಿಗಿಂತ ಮೊದಲು ರಾಮಾನುಜನ್ ಅವರ ಪತ್ರವನ್ನು ಕೈಬಿಟ್ಟವರಿಬ್ಬರೂ ದೊಡ್ಡ ವಿದ್ವಾಂಸರೇ. ಮೂರನೆಯ ಪತ್ರ ಬರೆಯದೆ ಇದ್ದಿದ್ದರೆ?

ಅಭ್ಯಾಸ

1. ನಿಮಗೆ ಬರುವ ಐದು ಕೆಲಸಗಳನ್ನು ಪಟ್ಟಿ ಮಾಡಿ. ಪ್ರತಿಯೊಂದಕ್ಕೂ ಸಾಕ್ಷಿಯಾಗಿ ಒಂದೊಂದು ವಾಕ್ಯ ಬರೆಯಿರಿ.

2. ನಿಮ್ಮ ಒಂದು ಕೊರತೆಯನ್ನು 'ಹಾಗಿದ್ದರೂ' ಎಂಬ ಪದ ಬಳಸಿ ಎರಡೇ ವಾಕ್ಯದಲ್ಲಿ ಹೇಳಿರಿ.

3. ದಿನಪತ್ರಿಕೆಯಿಂದ ಒಂದು ಉದ್ಯೋಗದ ಜಾಹೀರಾತನ್ನು ಕತ್ತರಿಸಿ ಅಂಟಿಸಿ, ಅವರು ಕೇಳಿರುವ ಅರ್ಹತೆಗಳಿಗೆ ಅಡಿಗೆರೆ ಎಳೆದು, ಒಂದು ಪುಟದ ಅರ್ಜಿ ಬರೆಯಿರಿ.

ಮೂರನೆಯ ಅಭ್ಯಾಸ ಮುಗಿಸಿದವರು ಅದನ್ನು ನಮ್ಮಲ್ಲಿಗೆ ತಂದು ತೋರಿಸಬಹುದು. ಶಾಲೆ ಬಿಟ್ಟು ಎಷ್ಟು ವರ್ಷವಾಗಿದ್ದರೂ ಸರಿ. ಆದರೆ ಇನ್ನು ಮುಂದೆ 'ಬರ್ಕೊಡಿ' ಎಂದು ಬರಿಗೈಯಲ್ಲಿ ಬರಬೇಡಿ. 'ಬರೆದಿದ್ದೇನೆ ಸಾರ್, ನೋಡಿಕೊಡಿ' ಎನ್ನುತ್ತ ಬನ್ನಿ. ಕೆಂಪು ಮಸಿಯ ಪೆನ್ನು ಹಿಡಿದು ಕಾದಿರುತ್ತೇವೆ.